ಮೂವತ್ತೊಂದನೇ ಸಾಲಿನ ಸಾಕೆಟ್ಟು

ಮಾರ್ಚ್ 3, ಸೋಮವಾರ

ಜವಳಿ ಅಂಗಡಿ ಕಟ್ಟಡದ ಲಿಫ್ಟು ಮತ್ತೆ ಎರಡು ಮಹಡಿಗಳ ನಡುವೆ ನಿಂತಿತ್ತು. ಒಳಗೆ ಸಿಕ್ಕಿಕೊಂಡಿದ್ದ ದಪ್ಪ ಮೀಸೆಯವರೊಬ್ಬರು ಕಂಡ ಕಂಡ ದೇವರನ್ನೆಲ್ಲ ಕರೆಯುತ್ತಿದ್ದರು. ದೇವರ ಬದಲು ನಾನು ಹೋದೆ. ಬಾಗಿಲು ತೆರೆದಾಗ ಅವರು ನನ್ನ ಎರಡೂ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಇಂಥ ದಿನ ಮನೆಗೆ ಬರುವಾಗ ಎದೆ ಸ್ವಲ್ಪ ಅಗಲವಾಗಿಯೇ ಇರುತ್ತದೆ, ಸುಳ್ಳೇಕೆ ಹೇಳಲಿ.

ಆದರೆ ಮನೆಯಲ್ಲಿ ನನ್ನ ಮಾತು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ. ಇವಳು ಹೊಲಿಗೆ ಯಂತ್ರದ ಮುಂದೆ ಫೋನು ಹಿಡಿದು ಕೂತಿದ್ದಳು. ಮಗಳು ಬ್ಯಾಂಕಿನ ಕೆಲಸ ಮುಗಿಸಿಕೊಂಡು ನೇರವಾಗಿ ಇಲ್ಲಿಗೇ ಬಂದು ಅಮ್ಮನ ಹೆಗಲ ಮೇಲಿಂದ ಬಗ್ಗಿ ಓದುತ್ತಿದ್ದಳು. ವಿಷಯ ಏನೆಂದರೆ, ಇವಳು ಫೋನಿನಲ್ಲಿ ಆಡುತ್ತಾಳಲ್ಲ ಆ ಗುಂಡಿಯಾಟ, ಅದನ್ನು ಮಾಡಿದ ಕಂಪನಿಯವರು ಲಕ್ಷಾಂತರ ಜನರಲ್ಲಿ ಹದಿನಾರು ಮಂದಿಯನ್ನು ಆರಿಸಿದ್ದಾರಂತೆ. ಅವರಲ್ಲಿ ಇವಳೂ ಒಬ್ಬಳು. ಹದಿನೈದಕ್ಕೆ, ಶನಿವಾರ, ಎಲ್ಲರೂ ಅವರವರ ಫೋನಿನಲ್ಲೇ ಒಂದು ಸುತ್ತು ಆಡಬೇಕು. ಅದರಲ್ಲಿ ಮುಂದೆ ಬಂದ ಎಂಟು ಜನ ಮಂಗಳವಾರ ವೇದಿಕೆ ಹತ್ತಿ ಆಡುತ್ತಾರೆ. ಊರು ಸಮುದ್ರದಾಚೆ. ಹದಿನಾರು ಜನರಿಗೂ ವಿಮಾನ, ಹೋಟೆಲು ಎಲ್ಲ ಅವರದೇ. ಜೊತೆಗೆ ಒಬ್ಬರು ಬರಬಹುದು.

ಗುಂಡಿಯಾಟ ಎಂದರೆ ಮಹಾ ಏನೂ ಅಲ್ಲ. ಪರದೆಯ ಮೇಲೆ ಅಂಗಿ ಗುಂಡಿಗಳ ರಾಶಿ ಬಿದ್ದಿರುತ್ತದೆ. ಒಂದೇ ಥರದ ಮೂರನ್ನು ಆರಿಸಿ ಕೆಳಗಿನ ತಟ್ಟೆಗೆ ಹಾಕಿದರೆ ಅವು ಮಾಯ. ತಟ್ಟೆಯಲ್ಲಿ ಏಳು ಗುಂಡಿಗಷ್ಟೇ ಜಾಗ. ತುಂಬಿತೋ, ಆಟ ಮುಗಿಯಿತು. ಇಡೀ ದಿನ ಶಾಲೆಯ ಸಮವಸ್ತ್ರಗಳಿಗೆ ಗುಂಡಿ ಹಾಕುವವಳು ಬಿಡುವಾದಾಗಲೂ ಗುಂಡಿಯನ್ನೇ ಹಿಡಿದು ಕೂತರೆ ಏನು ಹೇಳುವುದು? ಹೇಳಿದ್ದೇನೆ, ಎಷ್ಟೋ ಸಲ. ಕಿವಿಗೆ ಹಾಕಿಕೊಂಡಿಲ್ಲ.

ಆದರೂ ಹದಿನಾರು ಜನರಲ್ಲಿ ಒಬ್ಬಳು ಎಂದರೆ ಹುಡುಗಾಟವಲ್ಲ. ಇವಳ ಬುದ್ಧಿ ಚುರುಕು ಎಂದು ಮೊದಲು ಕಂಡುಹಿಡಿದವನು ನಾನೇ, ಮದುವೆಗೆ ಮುಂಚೆ. ನಾನೇ ಇವಳನ್ನು ಕರೆದುಕೊಂಡು ಹೋಗುವುದೆಂದು ತೀರ್ಮಾನಿಸಿದೆ. ಅಮ್ಮ ನಿನ್ನನ್ನು ಕರೆದುಕೊಂಡು ಹೋಗುತ್ತಿರುವುದು ಅಪ್ಪಾ ಎಂದು ಮಗಳು ತಿದ್ದಿದಳು. ಎರಡೂ ಒಂದೇ.

ಮಾರ್ಚ್ 5, ಬುಧವಾರ

ಒಂದು ತೊಂದರೆ ಇದೆ. ಇವಳ ಫೋನು ಹಳೆಯದು. ಅರ್ಧ ತಾಸು ಆಡಿದರೆ ಸಾಕು, ಅದಕ್ಕೆ ಉಸಿರು ಕಟ್ಟುತ್ತದೆ. ಹೊಸದು ಕೊಳ್ಳೋಣ ಎಂದರೆ ಇವಳು ಒಪ್ಪಲಿಲ್ಲ. ಈ ಗಾಜಿನ ಮೇಲೆ ಹೆಬ್ಬೆರಳು ಪಳಗಿದೆಯಂತೆ, ಬೇರೆ ಫೋನಿನಲ್ಲಿ ಆಡಿದರೆ ಬೇರೆಯವರ ಕತ್ತರಿಯಲ್ಲಿ ಬಟ್ಟೆ ಕತ್ತರಿಸಿದ ಹಾಗೆ ಆಗುತ್ತದಂತೆ. ಅದು ನನಗೆ ಅರ್ಥವಾಗುತ್ತದೆ. ನನ್ನ ಸ್ಪ್ಯಾನರನ್ನೂ ನಾನು ಯಾರಿಗೂ ಮುಟ್ಟಗೊಡುವುದಿಲ್ಲ.

ನನ್ನದು ಗುಂಡಿ ಒತ್ತುವ ಫೋನು. ಒಮ್ಮೆ ಚಾರ್ಜು ಮಾಡಿದರೆ ವಾರ ಪೂರ್ತಿ ಕೇಳುವ ಹಾಗಿಲ್ಲ. ಹಾಗಾಗಿ ಬ್ಯಾಟರಿ ವಿಷಯದಲ್ಲಿ ಸಲಹೆ ಕೊಡುವ ಹಕ್ಕು ಈ ಮನೆಯಲ್ಲಿ ನನಗೊಬ್ಬನಿಗೇ ಇದೆ. ಅಷ್ಟಿದ್ದರೂ ಇವಳು ನನ್ನನ್ನು ಒಂದು ಮಾತು ಕೇಳದೆ ಅಂಗಡಿಗೆ ಹೋಗಿ ಒಂದು ಪವರ್ ಬ್ಯಾಂಕು ತಂದಿಟ್ಟುಕೊಂಡಿದ್ದಾಳೆ. ಸಾಬೂನಿನಷ್ಟು ಗಾತ್ರ, ನುಣ್ಣಗೆ ಹೊಳೆಯುತ್ತದೆ. ಹಗಲಿಡೀ ಹಾರುವ ವಿಮಾನದಲ್ಲಿ ಈ ಸಾಬೂನು ಏನು ಮಾಡೀತು? ನೋಡಿದ ಕೂಡಲೇ ಹೊಟ್ಟೆ ಉರಿಯಿತು. ಕರೆಂಟು ಹೋದರೂ ಲಿಫ್ಟಿನಲ್ಲಿ ದೀಪ ಉರಿಯುವ ಹಾಗೆ ಮಾಡುವ ಮನುಷ್ಯ ಮನೆಯಲ್ಲಿರುವಾಗ ಅಂಗಡಿಯ ಸಾಬೂನು.

ನಾನೇ ಒಂದು ಮಾಡಿ ತೋರಿಸುತ್ತೇನೆ.

ಮಾರ್ಚ್ 9, ಭಾನುವಾರ

ಮುಗಿಯಿತು. ಹಾಳಾದ ಡ್ರಿಲ್ಲು ಯಂತ್ರಗಳ ಬ್ಯಾಟರಿಗಳನ್ನು ಬಿಚ್ಚಿ, ಅವುಗಳೊಳಗಿನ ಒಳ್ಳೊಳ್ಳೆಯ ಸೆಲ್ಲುಗಳನ್ನು ಆರಿಸಿ, ಒಂದೊಂದನ್ನೂ ಅಳೆದು, ಸಾಲಾಗಿ ಜೋಡಿಸಿ ಬೆಸುಗೆ ಹಾಕಿದ್ದೇನೆ. ಮೇಲೆ ಕೆಂಪು ಟೇಪು. ಎಲ್ಲವನ್ನೂ ಉದ್ದನೆಯ ಸ್ಟೀಲು ಡಬ್ಬಿಯೊಳಗೆ ಕೂರಿಸಿ ಮುಚ್ಚಳದಲ್ಲಿ ತೂತು ಕೊರೆದು ವೈರು ಹೊರಗೆ ತಂದಿದ್ದೇನೆ. ಬದಿಗೆ ಒಂದು ಹಸಿರು ದೀಪ. ದೀಪದ ಅಗತ್ಯವಿರಲಿಲ್ಲ, ಅಂದಕ್ಕೆ ಇರಲಿ ಎಂದು ಹಾಕಿದೆ.

ಇವಳ ಫೋನಿಗೆ ಚುಚ್ಚಿ ನೋಡಿದೆವು. ಬೆಳಿಗ್ಗೆಯಿಂದ ಸಂಜೆಯವರೆಗೆ ಇವಳು ಆಡುತ್ತಲೇ ಇದ್ದಳು, ಡಬ್ಬಿ ದಣಿಯಲಿಲ್ಲ. ಚೆನ್ನಾಗಿದೆ ರೀ ಎಂದಳು. ಇವಳ ಬಾಯಿಂದ ಚೆನ್ನಾಗಿದೆ ಎಂಬ ಮಾತು ಅಷ್ಟು ಸುಲಭಕ್ಕೆ ಬರುವುದಿಲ್ಲ. ಮಗಳು ಮಾತ್ರ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಇದನ್ನು ವಿಮಾನದಲ್ಲಿ ಬಿಡುತ್ತಾರಾ ಎಂದು ಅನುಮಾನ ತೆಗೆದಳು. ಯಾಕೆ ಬಿಡುವುದಿಲ್ಲ? ಕೆಲಸ ಎಷ್ಟು ಅಚ್ಚುಕಟ್ಟಾಗಿದೆ ಎಂದು ನೋಡಿದವರಿಗೇ ಗೊತ್ತಾಗುತ್ತದೆ.

ಮಾರ್ಚ್ 13, ಗುರುವಾರ

ನಾಳೆ ಹೊರಡುವುದು. ಇವಳ ಕೈಚೀಲದಲ್ಲಿ ಡಬ್ಬಿ ಹಿಡಿಸಲಿಲ್ಲ. ಇವಳು ಸ್ನಾನಕ್ಕೆ ಹೋಗಿದ್ದಾಗ ಸಾಬೂನನ್ನು ತೆಗೆದು ಬೀರುವಿನಲ್ಲಿಟ್ಟೆ. ಈಗ ಡಬ್ಬಿ ಸರಿಯಾಗಿ ಕೂತಿದೆ. ಎರಡೆರಡು ಯಾಕೆ, ಸುಮ್ಮನೆ ಭಾರ.

ಮಾರ್ಚ್ 14, ಶುಕ್ರವಾರ. ವಿಮಾನ ನಿಲ್ದಾಣ

ಕೋಪದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೆಟ್ಟಗಿಲ್ಲ.

ತಪಾಸಣೆಯ ಯಂತ್ರದೊಳಗೆ ಚೀಲ ಹೋಯಿತು, ಹೊರಗೆ ಬರಲಿಲ್ಲ. ಚೀಲ ಸಾಗಿಸುವ ಪಟ್ಟಿ ನಿಂತಿತು. ಒಬ್ಬರು ಬಂದು ಪರದೆ ನೋಡಿದರು, ಇನ್ನೊಬ್ಬರನ್ನು ಕರೆದರು, ಅವರು ಮೂರನೆಯವರನ್ನು ಕರೆದರು. ಹಿಂದಿದ್ದ ಜನರನ್ನು ಬೇರೆ ಸಾಲಿಗೆ ಕಳಿಸಿದರು. ಆಮೇಲೆ ನಮ್ಮಿಬ್ಬರನ್ನು ಒಂದು ಸಣ್ಣ ಕೋಣೆಗೆ ಕರೆದುಕೊಂಡು ಹೋಗಿ ಡಬ್ಬಿಯನ್ನು ಮೇಜಿನ ಮೇಲಿಟ್ಟು ಇದೇನು ಎಂದು ಕೇಳಿದರು. ಹಸಿರು ದೀಪ ಉರಿಯುತ್ತಿತ್ತು. ಅಂದಕ್ಕೆ ಹಾಕಿದ ದೀಪವೇ ಮುಳುವಾಯಿತೇನೋ.

ನಾನು ಎಲ್ಲವನ್ನೂ ವಿವರಿಸಿದೆ. ಸೆಲ್ಲು, ಬೆಸುಗೆ, ಟೇಪು, ಒಂದೂ ಬಿಡಲಿಲ್ಲ. ಅಲ್ಲಿದ್ದ ಅಧಿಕಾರಿ ನನ್ನ ಮಗಳ ವಯಸ್ಸಿನವಳು, ಎಲ್ಲವನ್ನೂ ಕೇಳಿಸಿಕೊಂಡಳು. ಇದರ ಮೇಲೆ ಕಂಪನಿ ಹೆಸರಿಲ್ಲ, ಶಕ್ತಿ ಎಷ್ಟೆಂದು ಬರೆದಿಲ್ಲ, ಒಳಗೆ ಬಿಡುವ ಹಾಗಿಲ್ಲ ಎಂದಳು. ಎಷ್ಟೆಂದು ನಾನು ಹೇಳುತ್ತೇನಲ್ಲ ಎಂದೆ. ನೀವು ಹೇಳಿದರೆ ಆಗುವುದಿಲ್ಲ ಸರ್ ಎಂದಳು. ನನ್ನ ಮಾತಿನ ಮೇಲೆ ಎಂಟು ಮಹಡಿ ಮೇಲೆ ಕೆಳಗೆ ಓಡಾಡುವ ಜನ ಇದ್ದಾರೆ. ಇಲ್ಲಿ ನನ್ನ ಮಾತಿಗೆ ಒಂದು ಚೀಟಿಯಷ್ಟು ಬೆಲೆಯಿಲ್ಲ. ಡಬ್ಬಿ ಅವರ ಪಾಲಾಯಿತು. ಜೇಬಿನಲ್ಲಿದ್ದ ನನ್ನ ಸ್ಕ್ರೂಡ್ರೈವರೂ ಹೋಯಿತು.

ಹೊರಗೆ ಬಂದ ಮೇಲೆ ಇವಳು ನನ್ನ ತೋಳು ಮುಟ್ಟಿ, ಹೋಗಲಿ ಬಿಡಿ, ನನ್ನದು ಇದೆಯಲ್ಲ ಎಂದಳು. ಆಗ ಹೇಳಬಹುದಿತ್ತು. ಆದರೆ ಅಷ್ಟು ಹೊತ್ತು ಕೋಣೆಯಲ್ಲಿ ತಲೆ ತಗ್ಗಿಸಿ ನಿಂತವನು ಮತ್ತೆ ತಲೆ ತಗ್ಗಿಸುವುದು ಹೇಗೆ? ಇಲ್ಲಿ ಅಂಗಡಿಗಳಲ್ಲಿ ಅಂಥ ಸಾಬೂನುಗಳನ್ನು ರಾಶಿ ಹಾಕಿಕೊಂಡಿದ್ದಾರೆ. ಕೊಂಡರೆ ಇವಳಿಗೆ ಗೊತ್ತಾಗುತ್ತದೆ. ಹೇಗೂ ವಿಮಾನದಲ್ಲಿ ಸೀಟಿಗೊಂದು ಸಾಕೆಟ್ಟು ಇದೆ ಎಂದು ಟಿಕೆಟ್ಟಿನಲ್ಲೇ ಬರೆದಿದೆ.

ಈಗ ಮಂಜು ಕವಿದು ಎಲ್ಲ ವಿಮಾನಗಳೂ ನಿಂತಿವೆ. ಯಾವಾಗ ಹೊರಡುತ್ತದೋ ಯಾರಿಗೂ ಗೊತ್ತಿಲ್ಲ.

ಮಾರ್ಚ್ 15, ಶನಿವಾರ. ಬೆಳಿಗ್ಗೆ

ಕುರ್ಚಿಯಲ್ಲೇ ಬೆಳಗಾಯಿತು. ಮಂಜು ತಿಳಿಯಾಗುತ್ತಿದೆ. ನಾವು ಇಷ್ಟು ಹೊತ್ತಿಗೆ ಹೋಟೆಲಿನಲ್ಲಿರಬೇಕಿತ್ತು. ಇವತ್ತಿನ ಸುತ್ತನ್ನು ಇವಳು ಅಲ್ಲಿಯ ಮೇಜಿನ ಮುಂದೆ ಕೂತು ಆಡಬೇಕಿತ್ತು. ಈಗ ಲೆಕ್ಕ ಹಾಕಿದರೆ ಅದು ಆಕಾಶದಲ್ಲೇ ಆಗುತ್ತದೆ. ಇವಳು ಕಂಪನಿಯವರಿಗೆ ಫೋನು ಮಾಡಿ ಹೊತ್ತು ಬದಲಿಸಲು ಆಗುತ್ತದೆಯೇ ಎಂದು ಕೇಳಿದಳು. ಹದಿನಾರು ಜನರೂ ಒಂದೇ ಹೊತ್ತಿಗೆ ಆಡಬೇಕು, ಎರಡು ತಾಸು ಎಡೆಬಿಡದೆ, ನಡುವೆ ಫೋನು ಆರಿದರೆ ಅಲ್ಲಿಗೆ ಮುಗಿಯಿತು ಎಂದರಂತೆ. ಮಗಳು ಊರಿನಿಂದಲೇ ವಿಮಾನದ ಇಂಟರ್ನೆಟ್ಟಿಗೆ ವ್ಯವಸ್ಥೆ ಮಾಡಿದಳು. ಆ ಚಿಂತೆ ಇಲ್ಲ.

ನಿಲ್ದಾಣದ ಕಂಬಗಳಲ್ಲಿ ಚಾರ್ಜಿಗೆ ನೂಕುನುಗ್ಗಲು. ಇಡೀ ದಿನ ಕಾದ ಜನ, ಎಲ್ಲರ ಫೋನೂ ಸತ್ತಿದೆ, ಎಲ್ಲರ ಸಾಬೂನೂ ಖಾಲಿ. ನಾನು ಒಂದು ತೂತನ್ನು ಹಿಡಿದು ಅಲ್ಲಾಡದೆ ನಿಂತು ಇವಳ ಫೋನಿಗೆ ಹೊಟ್ಟೆ ತುಂಬಿಸಿದೆ. ಯಾರೋ ಗೊಣಗಿದರು. ಗೊಣಗಲಿ.

ಅದೇ ದಿನ. ವಿಮಾನದೊಳಗೆ

ನಮ್ಮದು ಮೂವತ್ತೊಂದನೇ ಸಾಲು, ಬಲಗಡೆ, ಎರಡು ಸೀಟು. ಹತ್ತಿದ ಮೇಲೂ ಹೊರಡಲಿಲ್ಲ, ನಿಂತಲ್ಲೇ ನಿಂತಿತ್ತು. ಇವಳು ಕೈ ಪಳಗಲಿ ಎಂದು ಒಂದೆರಡು ಆಟ ಆಡಿ ಫೋನು ಆರಿಸಲು ಹೋದಳು. ನಾನೇ, ಆಡು ಆಡು, ಸೀಟಿಗೊಂದು ಸಾಕೆಟ್ಟಿದೆ, ಬೇಕಾದಷ್ಟು ಕರೆಂಟು ಎಂದೆ. ದೊಡ್ಡ ಜಮೀನ್ದಾರನ ಹಾಗೆ.

ವಿಮಾನ ಮೇಲೇರಿ ನೆಟ್ಟಗಾದ ಮೇಲೆ ಸೀಟಿನ ಕೆಳಗೆ ಕೈ ಹಾಕಿ ಚಾರ್ಜರು ಚುಚ್ಚಿದೆ. ದೀಪ ಬರಲಿಲ್ಲ. ತೆಗೆದು ಚುಚ್ಚಿದೆ. ನನ್ನ ಸೀಟಿನದಕ್ಕೆ ಚುಚ್ಚಿದೆ. ಅಲ್ಲೂ ಇಲ್ಲ. ಮುಂದಿನ ಸಾಲಿನವರೂ ಹಿಂದಿನವರೂ ನನ್ನ ಹಾಗೆಯೇ ಬಗ್ಗಿ ತಡಕಾಡುತ್ತಿದ್ದರು. ಗಗನಸಖಿ ಬಂದು, ಬಲಗಡೆಯ ಈ ಏಳೆಂಟು ಸಾಲುಗಳ ಸಾಕೆಟ್ಟುಗಳು ಕೈಕೊಟ್ಟಿವೆ, ಎರಡು ಸಲ ಆರಿಸಿ ಹಾಕಿ ನೋಡಿದೆವು, ಕ್ಷಮಿಸಬೇಕು ಎಂದಳು. ಪ್ರಯಾಣಿಕರ ಫೋನುಗಳನ್ನು ಅಡುಗೆ ಕಟ್ಟೆಯ ಹತ್ತಿರ ಚಾರ್ಜಿಗಿಡುವ ಹಾಗಿಲ್ಲವಂತೆ. ನಾನು ನನ್ನ ಕಸುಬು ಹೇಳಿ, ಆ ಫಲಕ ಒಂದು ಬಿಚ್ಚಲು ಬಿಟ್ಟರೆ ನೋಡಿಕೊಡುತ್ತೇನೆ ಎಂದೆ. ಅವಳು ನಗುತ್ತಲೇ, ಬೆಲ್ಟು ಕಟ್ಟಿಕೊಂಡು ಕೂತಿದ್ದರೆ ಅದೇ ದೊಡ್ಡ ಉಪಕಾರ ಎಂದಳು.

ಫೋನಿನಲ್ಲಿ ಕಾಲು ಭಾಗವೂ ಉಳಿದಿರಲಿಲ್ಲ. ಸುತ್ತು ಶುರುವಾಗಲು ಇನ್ನು ಸ್ವಲ್ಪವೇ ಹೊತ್ತು. ಇವಳು ಕೈ ಚಾಚಿದಳು.

"ಪವರ್ ಬ್ಯಾಂಕ್ ಕೊಡಿ."

ಚೀಲ ನನ್ನ ಕಾಲ ಬಳಿ ಇತ್ತು. ಸುಮ್ಮನೆ ಅದರೊಳಗೆ ಕೈಯಾಡಿಸಿದೆ. ಇಲ್ಲದ್ದು ಎಲ್ಲಿ ಸಿಗುತ್ತದೆ.

"ಅದು ಮನೇಲಿದೆ."

"ಮನೇಲಿ ಹೇಗಿರುತ್ತೆ? ನಾನೇ ಚೀಲಕ್ಕೆ ಹಾಕಿದ್ನಲ್ಲ."

"ನಾನು ತೆಗೆದಿಟ್ಟೆ. ಡಬ್ಬಿ ಹಿಡೀಲಿಲ್ಲ ಅಂತ."

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಸಮ ಮಾಡಿಕೊಳ್ಳುತ್ತಿದ್ದೆ. ಇವಳು ಫೋನನ್ನು ಆರಿಸಿ ಮಡಿಲಲ್ಲಿ ಮಗುಚಿಟ್ಟಳು. ಕಿಟಕಿಯ ಕಡೆ ನೋಡುತ್ತಾ, ತೀರಾ ಮೆಲ್ಲಗೆ ಹೇಳಿದಳು.

"ಹೊಲಿದು ಹೊಲಿದು ಬೆನ್ನು ಬಗ್ಗಿರೋಳಿಗೆ ಒಂದು ವಿಷಯದಲ್ಲಿ ನಾನೂ ಮುಂದೆ ಅಂತ ಅನ್ನಿಸಿದ್ದು ಇದೊಂದರಲ್ಲಿ. ನನಗೆ ಎರಡು ತಾಸು ಕರೆಂಟ್ ಬೇಕು. ಎಲ್ಲಿಂದ ತರ್ತೀರೋ ನನಗೆ ಗೊತ್ತಿಲ್ಲ."

ನಾನು ಎದ್ದೆ.

ಇದನ್ನು ಬರೆಯಬಾರದು ಎಂದುಕೊಂಡಿದ್ದೆ, ಆದರೆ ಈಗ ಕೂತು ಮಾಡುವ ಬೇರೆ ಕೆಲಸವೂ ಇಲ್ಲ. ನಾನು ಜನ್ಮದಲ್ಲಿ ಯಾರ ಮುಂದೆಯೂ ಕೈ ಚಾಚಿದವನಲ್ಲ. ಅಕ್ಕಪಕ್ಕದ ಮನೆಯಲ್ಲಿ ಏಣಿ ಕೇಳುವುದಕ್ಕೂ ಸಂಕೋಚಪಟ್ಟು ಹೊಸ ಏಣಿ ಮಾಡಿಕೊಂಡವನು. ಮೊದಲು ಎಡಗಡೆಯ ಸಾಲಿಗೆ ಹೋಗಿ ಕತ್ತಿಗೆ ದಿಂಬು ಸಿಕ್ಕಿಸಿಕೊಂಡಿದ್ದವರನ್ನು, ನಿಮ್ಮ ಸಾಕೆಟ್ಟು ಕೆಲಸ ಮಾಡುತ್ತಿದೆಯೇ ಎಂದು ಕೇಳಿದೆ. ನನ್ನ ದನಿ ಹಾಗೆಯೇ, ತನಿಖೆಗೆ ಬಂದವನ ಹಾಗೆ. ಅವರು ನನ್ನನ್ನು ವಿಮಾನದ ಸಿಬ್ಬಂದಿ ಎಂದುಕೊಂಡು, ಕೆಲಸ ಮಾಡ್ತಿದೆ, ಒಂದು ಲೋಟ ನೀರು ತನ್ನಿ ಎಂದರು. ತಂದುಕೊಟ್ಟೆ. ಕೊಟ್ಟ ಮೇಲಾದರೂ ಸೀಟು ಬಿಟ್ಟುಕೊಡುತ್ತಾರೇನೋ ಎಂದು ಕೇಳಿದರೆ ಕಣ್ಣು ಮುಚ್ಚಿಕೊಂಡರು. ಮುಂದಿನ ಸಾಲಿನ ಗಂಡ ಹೆಂಡತಿ, ತಮ್ಮ ಮೂರು ಫೋನೂ ಖಾಲಿ ಎಂದು ಮೂರನ್ನೂ ಎತ್ತಿ ತೋರಿಸಿದರು. ಇನ್ನೊಬ್ಬರಿಗೆ, ಅರ್ಜೆಂಟು ಕೆಲಸವಿದೆ ಎಂದೆ. ಏನು ಕೆಲಸ ಎಂದರು. ಆಟ ಎನ್ನಲು ನಾಚಿಕೆಯಾಗಿ ಮುಂದೆ ನಡೆದೆ.

ದುಬಾರಿ ಸೀಟುಗಳ ಪರದೆಯಾಚೆಗೆ ಹೋದರೆ ಗಗನಸಖಿ ಹಿಂದಕ್ಕೆ ಕಳಿಸುತ್ತಾಳೆ. ಇದ್ದ ಸಾಲುಗಳೆಲ್ಲ ಮುಗಿದವು. ಹದಿನಾಲ್ಕನೇ ಸಾಲಿನಲ್ಲಿ, ನಡೆಯುವ ದಾರಿಯ ಪಕ್ಕ, ಬೆಳ್ಳಿ ಕೂದಲಿನ ಹೆಂಗಸೊಬ್ಬರು ಕನ್ನಡಕ ಮೂಗಿನ ತುದಿಗಿಟ್ಟುಕೊಂಡು ಫೋನು ನೋಡುತ್ತಿದ್ದರು. ಫೋನಿಗೆ ವೈರು ಚುಚ್ಚಿತ್ತು. ಅವರ ಪಕ್ಕದಲ್ಲಿ ಹಾಗೇ ಕುಕ್ಕರುಗಾಲಲ್ಲಿ ಕೂತೆ. ಸೀಟು ಅದಲುಬದಲು ಮಾಡಿಕೊಳ್ಳುತ್ತೀರಾ ಎಂದು ಕೇಳಿದೆ. ಆಗುವುದಿಲ್ಲ, ತಮಗೂ ಚಾರ್ಜು ಬೇಕು, ಇಳಿದ ಮೇಲೆ ಮಗನಿಗೆ ಫೋನು ಮಾಡಬೇಕು ಎಂದು ಮೃದುವಾಗಿಯೇ ಹೇಳಿದರು. ನ್ಯಾಯವೇ. ಎದ್ದು ಹೊರಡಬೇಕು, ಬಾಯಿ ಸುಮ್ಮನಿರಲಿಲ್ಲ.

"ನನ್ನ ಹೆಂಡತಿ ಗುಂಡಿಯಾಟ ಆಡ್ತಾಳೆ ಅಮ್ಮ. ಹದಿನಾರು ಜನರಲ್ಲಿ ಒಬ್ಬಳು. ಇನ್ನು ಸ್ವಲ್ಪ ಹೊತ್ತಲ್ಲಿ ಅವಳ ಸುತ್ತು ಶುರು. ಅವಳು ತಯಾರಾಗೇ ಬಂದಿದ್ಲು. ಅವಳ ಚಾರ್ಜು ಹೋಗಿದ್ದು ನನ್ನಿಂದ. ಅವಳ ಫೋನು ಆರಿದರೆ ತಪ್ಪು ನಂದು, ಸೋಲೋದು ಅವಳು."

ಅವರು ಕನ್ನಡಕ ತೆಗೆದರು.

"ಆಟದಲ್ಲಿ ಅವರ ಹೆಸರೇನು?"

ಮಗಳು ಇಟ್ಟ ಹೆಸರು, ಗುಂಡುಸೂಜಿ ಎಂದೆ. ಅವರು ವೈರು ಕಿತ್ತು, ಬೆಲ್ಟು ಬಿಚ್ಚಿ, ಚಪ್ಪಲಿ ಹುಡುಕತೊಡಗಿದರು.

"ಗುಂಡುಸೂಜಿ ಈ ವಿಮಾನದಲ್ಲಿದಾರಾ? ನಡೀರಿ, ನಡೀರಿ. ಮೊದಲೇ ಹೇಳೋದಲ್ವಾ."

ಅದೇ ದಿನ. ಆಟ ನಡೆಯುತ್ತಿದೆ

ಇವಳು ಹದಿನಾಲ್ಕನೇ ಸಾಲಿನಲ್ಲಿ ಆಡುತ್ತಿದ್ದಾಳೆ. ಇಲ್ಲಿಂದ ಏನೂ ಕಾಣುವುದಿಲ್ಲ, ಕುತ್ತಿಗೆ ಚಾಚಿದರೆ ತಲೆಯ ತುದಿ ಮಾತ್ರ. ಆ ಅಮ್ಮ ನನ್ನ ಪಕ್ಕ ಇವಳ ಸೀಟಿನಲ್ಲಿದ್ದಾರೆ. ಹಲ್ಲಿನ ಡಾಕ್ಟರು. ರೋಗಿಗೆ ಇಂಜೆಕ್ಷನ್ ಕೊಟ್ಟು ದವಡೆ ಮರಗಟ್ಟುವವರೆಗೆ ಒಂದು ಆಟ ಆಡುವ ಅಭ್ಯಾಸವಂತೆ. ಯಾವ ರೋಗಿಯೂ ದೂರಿಲ್ಲ, ದೂರಲು ಬಾಯಿ ಬರುವುದಿಲ್ಲ ಎಂದರು.

ಇವಳ ಆಟಗಳನ್ನು ಕಂಪನಿಯವರು ಎಲ್ಲರಿಗೂ ನೋಡಲು ಹಾಕುತ್ತಾರಂತೆ. ಡಾಕ್ಟರು ಒಂದನ್ನೂ ಬಿಟ್ಟಿಲ್ಲ. ರಾಶಿ ಸುರಿಯುವಾಗ ಕಣ್ಣು ಮಿಟುಕಿಸುವಷ್ಟು ಹೊತ್ತು ಎಲ್ಲ ಗುಂಡಿಗಳೂ ಕಾಣುತ್ತವೆ, ಆಮೇಲೆ ಒಂದರ ಕೆಳಗೊಂದು ಮುಚ್ಚಿಹೋಗುತ್ತವೆ, ಯಾವುದರಡಿ ಯಾವುದಿದೆ ಎಂದು ನೆನಪಿಟ್ಟುಕೊಳ್ಳುವುದೇ ಆಟ ಎಂದು ತಿಳಿಸಿಕೊಟ್ಟರು. ಉಳಿದವರು ಸಿಕ್ಕಿದ್ದನ್ನು ಎತ್ತುತ್ತಾರೆ, ಗುಂಡುಸೂಜಿ ಮಾತ್ರ ಬೇಕಾದದ್ದು ಸಿಗುವವರೆಗೆ ಕಾಯುತ್ತಾರೆ ಎಂದರು. ತಟ್ಟೆಯಲ್ಲಿ ಒಂದೇ ಜಾಗ ಉಳಿದಾಗಲೂ ಅವರ ಬೆರಳು ಆತುರಪಟ್ಟದ್ದು ನೋಡಿಲ್ಲವಂತೆ.

ಇದೆಲ್ಲ ನನಗೆ ಗೊತ್ತಿದ್ದದ್ದೇ. ಆದರೂ ಹೇಳುವವರ ಉತ್ಸಾಹ ಕೆಡಿಸಬಾರದೆಂದು ಕೇಳಿದೆ. ಅಲ್ಲಲ್ಲಿ ಪ್ರಶ್ನೆಯನ್ನೂ ಹಾಕಿದೆ.

ಡಾಕ್ಟರು ಒಮ್ಮೆ, ಮನೆಯಲ್ಲಿ ಅವರು ಆಡುವುದನ್ನು ಪಕ್ಕದಲ್ಲೇ ಕೂತು ನೋಡುವ ಭಾಗ್ಯ ನಿಮ್ಮದು ಎಂದರು. ಹೌದು ಎಂದೆ. ಆಮೇಲೆ ಬೆಲ್ಟನ್ನು ಒಮ್ಮೆ ಬಿಚ್ಚಿ ಮತ್ತೆ ಬಿಗಿದುಕೊಂಡೆ.

ಎಡಗಡೆಯ ದಿಂಬಿನವರು ಎದ್ದು ಬಂದು, ಏನಂತೆ, ಆಟ ಮುಗಿಯಿತೇ ಎಂದು ಕೇಳಿ ಹೋದರು. ಮೂರು ಫೋನಿನ ಗಂಡ ಹೆಂಡತಿಯೂ ಹಿಂತಿರುಗಿ ನೋಡುತ್ತಿದ್ದಾರೆ. ಹದಿನಾಲ್ಕನೇ ಸಾಲಿನಲ್ಲಿರುವುದು ಯಾರೆಂದು ಡಾಕ್ಟರು ಸುತ್ತಲಿನವರಿಗೆಲ್ಲ ಹೇಳಿಬಿಟ್ಟಿದ್ದಾರೆ. ಒಬ್ಬ ಹೆಂಗಸು ಬಂದು, ನೀವು ಗುಂಡುಸೂಜಿಯ ಯಜಮಾನರಾ ಎಂದರು. ಹೌದು ಎಂದು ಎದ್ದು ನಿಂತೆ. ಬೆಲ್ಟು ಹಾಕಿಕೊಂಡಿದ್ದನ್ನು ಮರೆತಿದ್ದರಿಂದ ಮತ್ತೆ ಕೂತೆ.

ಎರಡು ತಾಸು ಆಗಿರಬೇಕು. ತಲೆಯ ತುದಿ ಅಲ್ಲಾಡುತ್ತಿಲ್ಲ.

ಬಂದಳು. ದಾರಿಯಲ್ಲಿ ಎರಡೂ ಕಡೆಯ ಸೀಟು ಹಿಡಿದುಕೊಂಡು ಮೆಲ್ಲಗೆ ನಡೆದು ಬಂದಳು. ಮುಖದಲ್ಲಿ ಏನೂ ಗೊತ್ತಾಗಲಿಲ್ಲ, ಅಂಗಿಗೆ ಅಳತೆ ತೆಗೆಯುವಾಗಿನ ಮುಖ. ನಮ್ಮ ಸಾಲಿನ ಹತ್ತಿರ ನಿಂತು ಮೂರು ಬೆರಳು ತೋರಿಸಿದಳು. ಮೂರನೇ ಸ್ಥಾನ. ಎಂಟರೊಳಗೆ. ಡಾಕ್ಟರು ಇವಳ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ನಾನು ಚೀಲವನ್ನು ಆ ಕಡೆಯಿಂದ ಈ ಕಡೆಗೆ ಇಟ್ಟೆ.

ಮಾರ್ಚ್ 16, ಭಾನುವಾರ

ಬಂದು ಮುಟ್ಟಿದೆವು. ಹೋಟೆಲಿನ ಮಂಚದ ಪಕ್ಕದ ಗೋಡೆಯಲ್ಲಿ ಆರು ಸಾಕೆಟ್ಟುಗಳಿವೆ. ಎಲ್ಲದರಲ್ಲೂ ಕರೆಂಟು ಬರುತ್ತದೆ, ಪರೀಕ್ಷಿಸಿದೆ.

ಇವಳು ಮಲಗುವ ಮುಂಚೆ ಒಂದೇ ಮಾತು ಹೇಳಿದಳು. ಇನ್ನು ನನ್ನ ಚೀಲಕ್ಕೆ ನನ್ನನ್ನು ಕೇಳದೆ ಕೈ ಹಾಕಬೇಡಿ ಎಂದಳು. ಇಲ್ಲ ಎಂದೆ. ತಮಾಷೆ ಮಾಡಿ ತೇಲಿಸಿಬಿಡೋಣ ಎನ್ನಿಸಿತು, ಮಾಡಲಿಲ್ಲ.

ಇಲ್ಲಿಯ ಲಿಫ್ಟು ತುಂಬ ಚೆನ್ನಾಗಿದೆ. ನಿಲ್ಲುವಾಗ ಗೊತ್ತೇ ಆಗುವುದಿಲ್ಲ.

ಮಾರ್ಚ್ 18, ಮಂಗಳವಾರ

ಬೆಳಿಗ್ಗೆ ನಾನು ಚಾರ್ಜರು, ಇನ್ನೊಂದು ಚಾರ್ಜರು, ಇಲ್ಲಿ ಕೊಂಡ ಒಂದು ಸಾಬೂನು, ಉದ್ದನೆಯ ವೈರು, ಎಲ್ಲ ಹಿಡಿದು ಸಭಾಂಗಣಕ್ಕೆ ಹೋದೆ. ಬಾಗಿಲಲ್ಲೇ ಒಬ್ಬರು, ಇದರ ಅಗತ್ಯವಿಲ್ಲ ಎಂದರು. ವೇದಿಕೆಯ ಮೇಲೆ ಎಂಟು ಮೇಜು, ಮೇಜಿಗೊಂದು ಕಂಪನಿಯದೇ ದೊಡ್ಡ ಪರದೆ, ಪ್ರತಿಯೊಂದಕ್ಕೂ ದಪ್ಪ ವೈರು ಗೋಡೆಯಿಂದಲೇ ಬಂದಿದೆ. ಇವಳಿಗೆ ಹೊಸ ಗಾಜಿನ ಚಿಂತೆ ಹತ್ತಿತು. ಮಧ್ಯಾಹ್ನದವರೆಗೆ ಅದರಲ್ಲೇ ಆಡಿ ಪಳಗಿಸಿಕೊಂಡಳು. ನನಗೆ ಮಾತ್ರ ಮಾಡಲು ಏನೂ ಇರಲಿಲ್ಲ. ಮೂರನೇ ಸಾಲಿನ ಕುರ್ಚಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ.

ಅಂಗಡಿಗೆ ಗ್ರಾಹಕರು ಬಂದ ಹಾಗೆ ಆಟಗಾರರು ಒಬ್ಬೊಬ್ಬರೇ ವೇದಿಕೆಗೆ ಬಂದು ಕೂತರು. ಎಲ್ಲರೂ ಎಳೆಯರು, ಬೆರಳುಗಳು ಮಿಂಚಿನ ಹಾಗೆ. ಇವಳು ಕನ್ನಡಕ ಒರೆಸಿಕೊಂಡು ಕೊನೆಗೆ ಕೂತಳು. ಎಲ್ಲರ ಆಟವೂ ಹಿಂದಿನ ದೊಡ್ಡ ಪರದೆಯಲ್ಲಿ ಕಾಣುತ್ತಿತ್ತು. ನಾನು ಇವಳದನ್ನು ಮಾತ್ರ ನೋಡಿದೆ. ರಾಶಿ ಸುರಿಯುವಾಗ ನಾನೂ ಕಣ್ಣು ಬಿಟ್ಟು ನೆನಪಿಟ್ಟುಕೊಳ್ಳಲು ಹೊರಟೆ. ಮೊದಲೆರಡು ಆಟದಲ್ಲಿ ತಲೆ ಗಿರ್ರೆಂದಿತು. ಮೂರನೆಯದರ ಹೊತ್ತಿಗೆ ಒಂದೆರಡು ಗುಂಡಿ ನೆನಪಿನಲ್ಲಿ ನಿಂತವು. ಇವಳು ಕಾಯುವುದು ಎಂದು ಡಾಕ್ಟರು ಹೇಳಿದ್ದು ಕಣ್ಣಿಗೆ ಕಾಣತೊಡಗಿತು. ಪಕ್ಕದ ಮೇಜಿನ ಹುಡುಗರು ಟಪಟಪ ಎತ್ತಿ ಹಾಕುತ್ತಿದ್ದರೆ ಇವಳ ಬೆರಳು ಗಾಳಿಯಲ್ಲಿ ನಿಂತೇ ಇರುತ್ತಿತ್ತು, ಆಮೇಲೆ ಮೂರು ಸಲ ಇಳಿದರೆ ಒಂದು ಮೂಲೆ ಪೂರ್ತಿ ಖಾಲಿ. ಒಬ್ಬೊಬ್ಬರಾಗಿ ನಾಲ್ವರು ಹೊರಬಿದ್ದರು. ಇವಳು ಉಳಿದಳು. ನನ್ನ ಬೆನ್ನು ಕುರ್ಚಿಗೆ ತಾಗಿದ್ದು ನೆನಪಿಲ್ಲ.

ಕೊನೆಯ ಆಟದಲ್ಲಿ ಇವಳ ತಟ್ಟೆಯಲ್ಲಿ ಐದು ಗುಂಡಿ. ಎರಡು ಕಂದು ಬಣ್ಣದವು. ಮೂರನೆಯ ಕಂದು ಎಡ ಮೂಲೆಯ ಬಿಳಿ ಗುಂಡಿಯ ಕೆಳಗಿತ್ತು. ನಾನು ನೋಡಿದ್ದೆ. ಬಲಗಡೆಯೂ ಅಂಥದೇ ಒಂದು ಬಿಳಿ. ಇವಳ ಬೆರಳು ಎರಡರ ನಡುವೆ ನಿಂತಿತು. ಎಡಗಡೆ, ಎಡಗಡೆ ಎಂದು ಬಾಯಿ ಮುಚ್ಚಿಕೊಂಡೇ ಹೇಳುತ್ತಿದ್ದೆ. ಬಲಗಡೆ ಇಳಿಯಿತು. ಕೆಳಗೆ ನೀಲಿ. ಉಳಿದ ಒಂದು ಜಾಗಕ್ಕೆ ಏನು ಹಾಕಿದರೂ ಮೂರಾಗುತ್ತಿರಲಿಲ್ಲ, ತಟ್ಟೆ ತುಂಬಿತು.

ನಾಲ್ಕನೇ ಸ್ಥಾನ ಎಂದು ಇವಳ ಹೆಸರು ಕೂಗಿದಾಗ ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಚೀಲ ಕೆಳಗೆ ಬಿತ್ತು, ಚಾರ್ಜರುಗಳೆಲ್ಲ ಚೆಲ್ಲಿದವು. ಸುತ್ತ ನೋಡಿದರೆ ಇಡೀ ಸಭಾಂಗಣದಲ್ಲಿ ನಿಂತವನು ನಾನೊಬ್ಬನೇ. ನಾಲ್ಕನೆಯವರಿಗೆ ಯಾರೂ ಎದ್ದು ನಿಲ್ಲುವುದಿಲ್ಲವಂತೆ. ಹಿಂದಿನವರೊಬ್ಬರು ಪರದೆ ಕಾಣುತ್ತಿಲ್ಲ, ಕೂರಿ ಎಂದು ಅಂಗಿ ಎಳೆದರು. ಅವಳು ನನ್ನ ಹೆಂಡತಿ ಎಂದೆ. ಅವರು ಅಂಗಿ ಬಿಟ್ಟರು. ಇವಳು ವೇದಿಕೆಯಿಂದ ಇಳಿದು, ಕುರ್ಚಿಗಳ ನಡುವಿನ ದಾರಿಯಲ್ಲಿ ಅಷ್ಟು ದೂರ ನಡೆದು ನನ್ನ ಹತ್ತಿರ ಬರುವವರೆಗೂ ನಾನು ತಟ್ಟುತ್ತಲೇ ಇದ್ದೆ.

"ಕೂತ್ಕೊಳ್ಳಿ ರೀ. ನಾನು ಗೆದ್ದಿಲ್ಲ."

"ಗೊತ್ತು. ಪೂರ್ತಿ ನೋಡ್ದೆ."

ಇವಳು ನನ್ನ ಮುಖವನ್ನೇ ನೋಡಿದಳು. ನಂಬಿಕೆ ಬಂದ ಹಾಗೆ ಕಾಣಲಿಲ್ಲ.

"ಹಾಗಾದ್ರೆ ಕೊನೇದು ಎಲ್ಲಿ ತಪ್ಪಿತು ಹೇಳಿ."

"ಕಂದು ಗುಂಡಿ ಎಡಗಡೆ ಬಿಳೀದರ ಕೆಳಗಿತ್ತು."

ಬಗ್ಗಿ ಚಾರ್ಜರುಗಳನ್ನು ಹೆಕ್ಕುತ್ತಿದ್ದವಳು ಅಲ್ಲೇ ನಿಂತಳು. ಕಣ್ಣು ತುಂಬಿಕೊಂಡಿತ್ತು. ಸೋತದ್ದಕ್ಕಿರಬೇಕು ಎಂದುಕೊಂಡೆ. ಆದರೆ ಅವಳು ನಗುತ್ತಿದ್ದಳು.

ಹೋಟೆಲಿಗೆ ನಡೆದೇ ಬಂದೆವು. ದಾರಿಯುದ್ದಕ್ಕೂ ಇವಳು ಮಾತಾಡಿದಳು, ಮೊದಲ ಆಟದಲ್ಲಿ ಏನು ಮಾಡಿದೆ, ಎರಡನೆಯದರಲ್ಲಿ ಯಾಕೆ ಹಾಗೆ ಕಾದೆ, ಆ ಕಪ್ಪು ಕೋಟಿನ ಹುಡುಗಿ ಎಷ್ಟು ಚೆನ್ನಾಗಿ ಆಡಿದಳು ಎಂದೆಲ್ಲ. ನಾನು ಚೀಲ ಹೊತ್ತುಕೊಂಡು ಕೇಳಿದೆ. ಮೂರನೇ ಆಟದ ವಿಷಯ ಬಂದಾಗ ಒಂದು ಕಡೆ ತಿಳಿಯಲಿಲ್ಲ. ರಸ್ತೆ ದಾಟುವ ಜಾಗದಲ್ಲಿ ಹಸಿರು ದೀಪ ಬಂದಿತ್ತು, ಜನ ದಾಟುತ್ತಿದ್ದರು. ನಾನು ಇವಳ ಮೊಣಕೈ ಹಿಡಿದು ನಿಲ್ಲಿಸಿ, ಅದು ನನಗೆ ಅರ್ಥವಾಗಲಿಲ್ಲ, ಇನ್ನೊಂದು ಸಲ ಹೇಳು ಎಂದೆ. ಹೇಳಿದಳು.